ಒಬ್ಬರಿಗೆ ಒಂದೇ ಕೈಚೀಲ

ಇಪ್ಪತ್ತೆರಡು ವರ್ಷಗಳಲ್ಲಿ ಊರಮ್ಮನ ಮಂಡಕ್ಕಿ ಮೂಟೆಗೆ ಬಸ್ಸು ತಪ್ಪಿದ್ದು ಎರಡೇ ಸಲ. ಒಮ್ಮೆ ಮಗಳ ಬಾಣಂತನದಲ್ಲಿ, ಇನ್ನೊಮ್ಮೆ ಕೊರೊನಾ ಕಾಲದಲ್ಲಿ ಬಸ್ಸುಗಳೇ ನಿಂತಾಗ. ಮೂರನೆಯ ಸಲ ತಪ್ಪಿದ್ದು ಆ ಸೋಮವಾರ, ಬಸ್ಸು ಕಣ್ಣೆದುರಿಗೇ ನಿಂತಿದ್ದಾಗ.

ನಂದಿಧ್ವಜ ಮೋಟಾರ್ಸ್‌ನ ಏಳೂ ನಲವತ್ತರ ಗಾಡಿ ಅದು. ದಾವಣಗೆರೆ ಬಿಟ್ಟು, ಬಾತಿ ದಾಟಿ, ಎಂಟೂ ಕಾಲಿಗೆ ಹರಿಹರ. ಹಳೇ ಗಾಡಿಗೆ ಹಿಂದೆ ಏಣಿ, ನೆತ್ತಿಯ ಮೇಲೆ ಕ್ಯಾರಿಯರ್ ಇದ್ದವು. ಮಳೆ ಬಂದರೆ ಮೂಟೆ ಒಳಗೆ, ಹಿಂದಿನ ಉದ್ದ ಸೀಟಿನ ಮೇಲೆ. ಅದಕ್ಕೆ ಒರಗಿ ಕೂತವರಿಗೆ ಇಳಿಯುವಾಗ ಒಂದು ಬೊಗಸೆ ಮಂಡಕ್ಕಿ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮರೆತೂ ಇರಲಿಲ್ಲ. ಈಗ ಅದೇ ಹೊತ್ತಿಗೆ ದಾವಣಗೆರೆ ಸ್ಟ್ಯಾಂಡಿಗೆ ಬಂದು ನಿಂತ ಗಾಡಿ ಹೊಚ್ಚ ಹೊಸದು. ಏಣಿ ಇಲ್ಲ, ಕ್ಯಾರಿಯರ್ ಇಲ್ಲ. ಕಿಟಕಿಗೆ ನೀಲಿ ಪರದೆ, ಸೀಟಿಗೆ ಇನ್ನೂ ಹರಿಯದ ಪ್ಲಾಸ್ಟಿಕ್ಕು. ಬಾಗಿಲ ಪಕ್ಕ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ ಒಂದು ಬೋರ್ಡು.

"ಚೌಡೇಶಾ, ಹಿಂದಿನ ಬಾಗ್ಲು ತೆಗಿಯೋ" ಎಂದಳು ಊರಮ್ಮ.

ಕಂಡಕ್ಟರ್ ಚೌಡೇಶ ಕೆಳಗಿಳಿದ. ಅವಳ ಮುಖ ನೋಡಲಿಲ್ಲ, ಬೋರ್ಡು ನೋಡಿದ.

"ಊರವ್ವ, ಹೊಸ ರೂಲು ಬಂದೈತೆ. ಓದ್ತೀನಿ ಕೇಳು. ಮೂಟೆ, ಬುಟ್ಟಿ, ಕೊಡ, ಕಟ್ಟು ನಿಷೇಧ. ಒಬ್ಬರಿಗೆ ಒಂದೇ ಕೈಚೀಲ."

"ಇದು ಮೂಟೆ ಅಲ್ಲೋ, ಗಾಳಿ. ಎತ್ತಿ ನೋಡು, ನಿನ್ನ ಹೆಂಡ್ತಿ ಬೈಗುಳಕ್ಕಿಂತ ಹಗುರ ಐತೆ."

"ತೂಕ ಯಾರು ಕೇಳ್ತಾರವ್ವ? ಆಕಾರ ನೋಡು, ಎಮ್ಮೆ ನಿಂತಂಗೈತೆ. ಸಾವುಕಾರ್ರು ಒಳಗೆ ಕ್ಯಾಮೆರಾ ಹಾಕ್ಸ್ಯಾರ. ಮನ್ಯಾಗ ಕುಂತು ಫೋನಿನಾಗ ನೋಡ್ತಾರೆ. ನನ್ನ ಹೊಟ್ಟೆ ಮ್ಯಾಲೆ ಹೊಡಿಬ್ಯಾಡ."

ಊರಮ್ಮ ಸುತ್ತ ನೋಡಿದಳು. ಆವರಗೆರೆಯ ಮರುಳಸಿದ್ದಮ್ಮ ಮೊಸರಿನ ಕೊಡ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಪೊರಕೆ ಮಾರುವ ರೇವತಿ ತನ್ನ ಕಟ್ಟನ್ನು ಕಾಲಿನ ಹತ್ತಿರ ಇಳಿಸಿದ್ದಳು. ಮೂವರೂ ಒಂದೇ ಬಸ್ಸಿನವರು, ಮೂವರಿಗೂ ಹರಿಹರದಲ್ಲಿ ಗಿರಾಕಿ. ಬಸ್ಸು ಮೂವರನ್ನೂ ಬಿಟ್ಟು ಹೊರಟುಹೋಯಿತು. ಹೊಗೆಯೂ ಬಿಡಲಿಲ್ಲ, ಅಷ್ಟು ಹೊಸ ಗಾಡಿ.

ಸರ್ಕಾರಿ ಬಸ್ಸಿನಲ್ಲಿ ಆ ಹೊತ್ತಿಗೆ ಕಾಲೇಜಿನ ಮಕ್ಕಳು ಬಾಗಿಲಲ್ಲೇ ಜೋತಾಡುತ್ತಿರುತ್ತಾರೆ. ಮನುಷ್ಯರಿಗೇ ಜಾಗವಿಲ್ಲ, ಇನ್ನು ಮೂಟೆಗೆಲ್ಲಿ? ಮೂರು ಆಟೊ ಬದಲಿಸಿ ಊರಮ್ಮ ಹರಿಹರ ಮುಟ್ಟಿದಾಗ ಒಂಬತ್ತೂವರೆ. ಸಂತೆ ಮೈದಾನದ ಹತ್ತಿರ ಮಿರ್ಚಿ ಅಂಗಡಿಯ ಮಾಲತೇಶ ಬಾಣಲೆ ಇಳಿಸಿ ಕೂತಿದ್ದ.

"ಬೆಳಗಿನ ಗಿರಾಕಿ ಎಲ್ಲಾ ಹೋದ್ರು. ಮೆಣಸಿನಕಾಯಿ ಬಜ್ಜಿ ಮುಂದಿಟ್ಟು ಮಂಡಕ್ಕಿ ಇಲ್ಲ ಅಂದ್ರೆ ಜನ ನನ್ನ ಮಾರಿ ನೋಡ್ತಾರೆ. ಈ ವಾರ ತಡಕಂತೀನಿ ಊರವ್ವ. ಆಮ್ಯಾಲೆ ರಾಣೆಬೆನ್ನೂರಿನವನ ಹತ್ರ ತರಿಸ್ಕಂತೀನಿ. ಬೇಜಾರು ಮಾಡ್ಕಬ್ಯಾಡ."

ಅವನ ಮೇಲೆ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇರಲಿಲ್ಲ. ಅವನ ಎಣ್ಣೆ ಕಾದಾಗ ಅವಳ ಮಂಡಕ್ಕಿ ಅಲ್ಲಿರಬೇಕು, ಅದು ವ್ಯಾಪಾರ. ಅಂಥ ನಾಲ್ಕು ಅಂಗಡಿಗಳ ಮೇಲೆ ಅವಳ ಬದುಕು ನಿಂತಿತ್ತು. ಗಂಡ ಗಿಡ್ಡಪ್ಪನಿಗೆ ಹಮಾಲಿ ಮಾಡಿ ಮಾಡಿ ಸೊಂಟ ಬಿದ್ದುಹೋಗಿ ಆರು ವರ್ಷ. ಮನೆಯ ಒಲೆ ಉರಿಯುತ್ತಿದ್ದುದು ಆ ಏಳೂ ನಲವತ್ತರ ಬಸ್ಸಿನಿಂದ.

ಉಳಿದ ಮಂಡಕ್ಕಿ ಹೊತ್ತು ಆರೋಗ್ಯಮಾತೆ ಚರ್ಚಿನ ಹಿಂದಿನ ಬೀದಿಗೆ ಹೋದಳು. ಅಲ್ಲಿ ತಮ್ಮನ ಮನೆಯ ಜಗಲಿಯ ಮೇಲೆ ಫಾದರ್ ಇನ್ನಾಸಪ್ಪ ಕೂತಿರುತ್ತಾರೆ. ಎಂಬತ್ತು ದಾಟಿದ ನಿವೃತ್ತ ಪಾದ್ರಿ. ಹರೆಯದಲ್ಲಿ ರೋಮಿನಲ್ಲಿ ಓದಿ, ಅರ್ಧ ಯುರೋಪು ಸುತ್ತಿ ಬಂದವರು. ಈಗ ಹಲ್ಲಿಲ್ಲ, ಮಂಡಕ್ಕಿಯನ್ನು ಚಹಾದಲ್ಲಿ ನೆನೆಸಿ ಚಮಚದಲ್ಲಿ ತಿನ್ನುತ್ತಾರೆ. ಅದಕ್ಕೇ ಅವರ ಪಾಲಿಗೆ ಅವಳು ಒಂದು ಸೇರು ಹೆಚ್ಚೇ ಅಳೆಯುತ್ತಾಳೆ.

"ಬಸ್ಸು ಅಂತ ಹೆಸರಿಟ್ಟೋನು ಯಾವನೋ, ಅವನ ಬಾಯಾಗ ಮಣ್ಣು ಬೀಳ" ಎನ್ನುತ್ತ ಊರಮ್ಮ ಮೂಟೆ ಇಳಿಸಿ, ಬೆಳಗಿನದೆಲ್ಲ ಹೇಳಿದಳು.

ಫಾದರ್ ನಕ್ಕರು. "ಹೆಸರಿಟ್ಟೋನಿಗೆ ಬೈಬ್ಯಾಡ ಊರಮ್ಮ. ಅವನು ನಿನ್ನ ಕಡೆಯೋನು."

"ಹೆಂಗ್ರಿ?"

"ಬಸ್ಸು ಅನ್ನೋದು ಪೂರ್ತಿ ಹೆಸರಲ್ಲ. ಪೂರ್ತಿ ಹೆಸರು ಓಮ್ನಿಬುಸ್. ಲ್ಯಾಟಿನ್ ಅಂತ ಹಳೇ ಭಾಷೆ, ನಾವು ಪೂಜೆ ಕಲಿತದ್ದು ಅದರಾಗೇ."

"ಓಮ್ನಿ ಅಂದ್ರೆ ಸ್ಕೂಲ್ ಹುಡುಗ್ರನ್ನ ತುಂಬ್ಕಂಡು ಹೋಗ್ತಾವಲ್ಲ, ಆ ವ್ಯಾನಾ?"

"ಆ ವ್ಯಾನಿಗೂ ಅದೇ ಹೆಸರು. ಓಮ್ನಿ ಅಂದ್ರೆ ಎಲ್ಲಾ. ಓಮ್ನಿಬುಸ್ ಅಂದ್ರೆ ಎಲ್ಲರಿಗೂ, ಎಲ್ಲರ ಸಲುವಾಗಿ ಅಂತ."

ಊರಮ್ಮ ಜಗಲಿಯ ಅಂಚಿಗೆ ಕೂತಳು. ಯಾವ ಸರಕನ್ನೂ ಮುಟ್ಟಿ ನೋಡದೆ ಕೊಳ್ಳುವ ಹೆಂಗಸಲ್ಲ ಅವಳು. "ಯಾರು ಇಟ್ರು? ಯಾಕ ಇಟ್ರು?"

"ಫ್ರಾನ್ಸ್ ದೇಶದಾಗ ನಾಂತ್ ಅಂತ ಊರು. ಇನ್ನೂರು ವರ್ಷದ ಹಿಂದೆ ಅಲ್ಲೊಬ್ಬ ಹಿಟ್ಟಿನ ಗಿರಣಿಯೋನಿದ್ದ. ಗಿರಣಿ ಬಿಸಿನೀರು ಸುಮ್ನೆ ಹರಿದು ಹೋಗ್ತೈತಲ್ಲ ಅಂತ ಊರಾಚೆ ಒಂದು ಸ್ನಾನದ ಮನೆ ಕಟ್ಸಿದ. ಅಷ್ಟು ದೂರ ಗಿರಾಕಿ ಬರಬೇಕಲ್ಲ, ಕುದುರೆ ಗಾಡಿ ಬಿಟ್ಟ. ಜನ ಹತ್ತಿದ್ರು. ಆದ್ರೆ ಸ್ನಾನಕ್ಕೆ ಹೋಗ್ಲಿಲ್ಲ. ದಾರ್ಯಾಗೇ ಇಳಿದು ತಮ್ಮ ತಮ್ಮ ಕೆಲಸಕ್ಕೆ ಹೋದ್ರು."

"ಹುಷಾರ್ ಮಂದಿ."

"ಅವನೂ ಹುಷಾರೇ. ಸ್ನಾನದ ಮನೆ ಬಿಟ್ಟು ಗಾಡಿ ಹಿಡ್ಕಂಡ. ಗಾಡಿ ನಿಲ್ಲೋ ಜಾಗದಾಗ ಓಮ್ನೆಸ್ ಅನ್ನೋ ಟೋಪಿ ಅಂಗಡಿಯೋನು 'ಓಮ್ನೆಸ್ ಓಮ್ನಿಬುಸ್', ಓಮ್ನೆಸ್ ಎಲ್ಲರ ಸಲುವಾಗಿ, ಅಂತ ಬೋರ್ಡು ಹಾಕಿದ್ದ, ಅಲ್ಲಿಂದ ಹೆಸರು ಬಂತು ಅಂತ ಒಂದು ಕಥೆ ಐತೆ. ನಿಜವೋ ಕಟ್ಟಿದ್ದೋ ದೇವರಿಗೇ ಗೊತ್ತು. ಹೆಸರಂತೂ ನಿಂತುಬಿಡ್ತು. ಇಂಗ್ಲಿಷಿನೋರಿಗೆ ಅದು ಉದ್ದ ಆತು, ತಲೆ ಕತ್ತರಿಸಿ ಬಾಲ ಇಟ್ಕಂಡ್ರು. ಬಸ್. ಜರ್ಮನಿಯೋರು ಬುಸ್, ಸ್ವೀಡನ್ನಿನೋರೂ ಬುಸ್, ಫಿನ್ಲೆಂಡಿನೋರು ಬುಸ್ಸಿ. ಇಟಲಿ, ಸ್ಪೇನು, ಪೋಲೆಂಡಿನಾಗ ಔಟೊಬುಸ್. ನಾನು ಎಲ್ಲಾದ್ರಾಗೂ ಹತ್ತಿ ಇಳಿದೀನಿ. ಗ್ರೀಕರು ಮಾತ್ರ ತಮ್ಮದೇ ಹೆಸರು ಇಟ್ಕಂಡ್ರು. ಅದರ ಅರ್ಥ, ಜನಾನ್ನ ಹೊರೋದು ಅಂತ."

"ಅಂದ್ರೆ ಎಲ್ಲಾ ಕಡೆ ಬಾಲಾನೇ. 'ಎಲ್ಲಾ' ಅನ್ನೋ ತಲೆ ಯಾರಿಗೂ ಬ್ಯಾಡಾತು."

"ಬ್ರೆಜಿಲಿನೋರು ಉಳಿಸ್ಕಂಡಾರ, ಓನಿಬುಸ್ ಅಂತಾರೆ. ಫ್ರಾನ್ಸಿನಾಗ ಎಲ್ಲಾ ಸ್ಟೇಷನ್ನಿನಾಗೂ ನಿಂತು ನಿಂತು ಹೋಗೋ ರೈಲಿಗೆ ಓಮ್ನಿಬುಸ್ ಅಂತಾರೆ. ಒಂದೂ ಬಿಡಂಗಿಲ್ಲ."

ಊರಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಎಲ್ಲರನ್ನೂ ಹತ್ತಿಸ್ಬೇಕು, ಎಲ್ಲಾ ಕಡೆ ನಿಲ್ಲಿಸ್ಬೇಕು. ಇಲ್ಲಾಂದ್ರೆ ಆ ಹೆಸರು ಇಟ್ಕಬಾರದು. ಹೌದಲ್ಲ?"

"ಇದು ಕೋರ್ಟಿನಾಗ ನಿಲ್ಲೋ ಮಾತಲ್ಲವ್ವ."

"ಕೋರ್ಟಿಗೆ ಯಾರು ಹೋಗ್ತಾರ್ರಿ? ಕೆ.ಬಿ. ಬಡಾವಣೆಗೆ ಹೋಗ್ತೀನಿ."

ನಂದಿಧ್ವಜ ಮೋಟಾರ್ಸ್‌ನ ಆಫೀಸು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮೊದಲನೇ ಮಹಡಿ. ಗೋಡೆಯ ಮೇಲೆ ಕಂಪನಿ ಕಟ್ಟಿದ ಶಿವಯೋಗಪ್ಪನವರ ಫೋಟೊ, ವಿಭೂತಿ ಹಚ್ಚಿದ ಹಣೆ, ಫೋಟೊಗೆ ಗಂಧದ ಹಾರ. ಅವರು ತೀರಿಕೊಂಡ ಮೇಲೆ ಕುರ್ಚಿಯಲ್ಲಿ ಕೂತಿರುವವನು ಮಗ ಬಸವಕಿರಣ. ಕೆಟ್ಟವನಲ್ಲ. ಊರಮ್ಮನಿಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಆಮೇಲೆ ಆಗುವುದಿಲ್ಲ ಎಂದ.

"ಅಮ್ಮ, ಹೊಸ ಗಾಡಿ. ಮೂಟೆ ತಾಗಿ ಪರದೆ ಹರಿತಾವೆ, ಮೊಸರು ಚೆಲ್ಲಿದ್ರೆ ವಾಸನೆ. ಆಫೀಸಿಗೆ ಹೋಗೋರು ಕಂಪ್ಲೇಂಟ್ ಮಾಡ್ತಾರೆ. ನಾನು ನಾಲ್ಕು ಮಂದಿ ಒಳ್ಳೆ ಪ್ಯಾಸೆಂಜರ್ ಹಿಡೀಬೇಕೋ ಬ್ಯಾಡೋ?"

"ನಾವು ಕೆಟ್ಟ ಪ್ಯಾಸೆಂಜರ್ ಏನ್ರಿ? ನಿಮ್ಮಪ್ಪಾರು ನನ್ನ ಮೂಟೆಗೂ ಅರ್ಧ ಟಿಕೆಟ್ ಹರೀತಿದ್ರು. ಇಪ್ಪತ್ತೆರಡು ವರ್ಷ ಅದು ಟಿಕೆಟ್ ತಗಂಡೇ ಬಂದೈತೆ. ನಿಮ್ಮ ಒಳ್ಳೇ ಮಂದ್ಯಾಗ ಎಷ್ಟು ಜನ ಅಷ್ಟು ವರ್ಷ ಬಂದಾರ ಹೇಳ್ರಿ."

ಬಸವಕಿರಣ ನಕ್ಕ. "ಅಪ್ಪಾರ ಕಾಲ ಬೇರೆ. ಇದು ನನ್ನ ಬಸ್ಸು."

"ಗಾಡಿ ನಿಮ್ಮದು, ಬ್ಯಾಡ ಅನ್ನಲ್ಲ. ಹೆಸರು ನಿಮ್ಮದಲ್ಲ. ಬಸ್ಸು ಅಂದ್ರೆ ಎಲ್ಲರಿಗೂ ಅಂತ. ಹರಿಹರದ ಫಾದರ್‌ನ ಕೇಳ್ರಿ, ಯುರೋಪಿನ ಯಾವ ದೇಶದೋನ್ನ ಬೇಕಾದ್ರೂ ಕೇಳ್ರಿ. ಬೋರ್ಡಾದ್ರೂ ತೆಗೀರಿ, ಇಲ್ಲಾ ಬಸ್ಸು ಅನ್ನೋದಾದ್ರೂ ಬಿಡ್ರಿ. ಬಸವಕಿರಣನ ಕಾರು ಅಂತ ಬರಸ್ರಿ. ನಾನು ಕೈ ಅಡ್ಡ ಹಾಕಿದ್ರೆ ಕೇಳ್ರಿ ಆಗ."

ಮೂಲೆಯಲ್ಲಿ ಕಂಪ್ಯೂಟರ್ ಮುಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಅದು ಬಸವಕಿರಣನಿಗೆ ತಾಗಿತು. ಅವನ ದನಿ ಸ್ವಲ್ಪ ಗಟ್ಟಿಯಾಯಿತು.

"ನೋಡಮ್ಮ, ರೂಲು ರೂಲೇ. ಒಬ್ಬರಿಗೆ ಒಂದೇ ಕೈಚೀಲ. ಅದರಾಗ ನೀನು ಮಂಡಕ್ಕಿನಾದ್ರೂ ತಗಂಡು ಹೋಗು, ಬಂಗಾರನಾದ್ರೂ ತಗಂಡು ಹೋಗು. ಚೀಲದಾಗ ಏನೈತೆ ಅಂತ ನಾವು ಕೇಳಲ್ಲ."

ಊರಮ್ಮ ಚಹಾದ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಕೇಳಲ್ಲ?"

"ಕೇಳಲ್ಲ."

"ಈ ಮಾತಿಗೆ ನಿಲ್ತೀರಾ?"

"ನಿಲ್ತೀನಿ."

ಅವಳು ಎದ್ದು, ಫೋಟೊದ ಶಿವಯೋಗಪ್ಪನವರಿಗೆ ಕೈ ಮುಗಿದು, ಮೆಟ್ಟಿಲಿಳಿದಳು.

ಈ ಕಡೆ ಯಾವ ಮದುವೆಗೆ ಹೋದರೂ ಹೊರಡುವಾಗ ಕೈಗೆ ಒಂದು ತಾಂಬೂಲದ ಚೀಲ ಕೊಡುತ್ತಾರೆ. ತೆಂಗಿನಕಾಯಿ, ಎಲೆ, ಅಡಿಕೆ. ಚೀಲದ ಮೇಲೆ ಗಂಡು ಹೆಣ್ಣಿನ ಹೆಸರು. ಕಾಯಿ ಸಾರಿಗೆ ಹೋಗುತ್ತದೆ, ಚೀಲ ಮನೆಯಲ್ಲಿ ಉಳಿಯುತ್ತದೆ. ಒಂದೊಂದು ಮನೆಯ ಮೊಳೆಗೆ ಇಪ್ಪತ್ತು ಮೂವತ್ತು ಚೀಲ ನೇತಾಡುತ್ತವೆ. ಎಸೆಯಲು ಮನಸ್ಸು ಬಾರದು, ಅಷ್ಟನ್ನು ಬಳಸಲು ಆಗದು. ಮಂಗಳವಾರ ಊರಮ್ಮ ವ್ಯಾಪಾರಕ್ಕೆ ಹೋಗಲಿಲ್ಲ. ತನ್ನ ಓಣಿಯಲ್ಲಿ ಮನೆ ಮನೆ ತಿರುಗಿ ನಲವತ್ತು ಚೀಲ ಕೂಡಿಸಿದಳು. ಗಿಡ್ಡಪ್ಪ ಮಂಚದ ಮೇಲೆ ಕೂತು ಒಂದೊಂದನ್ನೂ ಮಡಿಸಿ ಜೋಡಿಸಿದ.

"ಇವರಿಬ್ರೂ ಒಬ್ಬರನ್ನೊಬ್ಬರು ಬಿಟ್ಟಾರ" ಎಂದ ಒಂದು ಚೀಲದ ಮೇಲಿನ ಹೆಸರು ಓದಿ.

"ಚೀಲ ಗಟ್ಟಿ ಐತಲ್ಲ, ಇಡು."

ಬುಧವಾರ ಬೆಳಿಗ್ಗೆ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ, ದಿನಾ ಅವಳ ಮೂಟೆ ತುಂಬುವ ತೌಸೀಫ ಬಿಸಿ ಮಂಡಕ್ಕಿಯನ್ನು ಜರಡಿಯಿಂದ ಸುರಿಯುತ್ತ, ಚೀಲಗಳನ್ನು ನೋಡಿದ. ಅವಳ ಲೆಕ್ಕಾಚಾರ ಕೇಳಿ ತಲೆ ಅಲ್ಲಾಡಿಸಿದ.

"ಊರಕ್ಕ, ನಲವತ್ತು ಮಂದಿ ಕೈಗೆ ಕೊಟ್ರೆ ನಾಲ್ಕು ವಾಪಸ್ ಬಂದ್ರೆ ನಿನ್ನ ಪುಣ್ಯ. ಬಿಸಿ ಮಂಡಕ್ಕಿ ತೊಡೆ ಮ್ಯಾಲೆ ಇಟ್ಕಂಡು ಹದಿನಾಲ್ಕು ಕಿಲೋಮೀಟರ್ ತಿನ್ನದಂಗೆ ಯಾವನು ಕೂಡ್ತಾನೆ? ನಾನೇ ಕೂಡಲ್ಲ."

"ತಿಂದ್ರೆ ತಿನ್ಲಿ. ಮೂಟೆ ಹೋಗ್ಬೇಕು."

ಹಾಗೆಂದಳೇ ಹೊರತು ಚೀಲಗಳನ್ನು ಮತ್ತೊಮ್ಮೆ ಎಣಿಸಿದಳು. ಇಪ್ಪತ್ತೆರಡು ವರ್ಷ ಅವಳು ಜನಕ್ಕೆ ಮಂಡಕ್ಕಿ ಮಾರಿದ್ದಳು, ಕೊಟ್ಟಿದ್ದಳು. ಅವರ ಹತ್ತಿರ ಏನನ್ನಾದರೂ ಕೇಳಿದ್ದು ಇದೇ ಮೊದಲು.

ಏಳೂ ಇಪ್ಪತ್ತೈದಕ್ಕೆ ಸ್ಟ್ಯಾಂಡಿನಲ್ಲಿ ಮೂಟೆಯ ಬಾಯಿ ಬಿಚ್ಚಿದಳು. ಮೊದಲು ಹರಿಹರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಆಶಾರಾಣಿಯ ಹತ್ತಿರ ಹೋದಳು. ಹಳೇ ಬಸ್ಸಿನಲ್ಲಿ ಎಷ್ಟೋ ಮಳೆಗಾಲ ಮೂಟೆಗೆ ಒರಗಿ ನಿದ್ದೆ ಮಾಡಿದವಳು ಆಕೆ.

"ಸಿಸ್ಟರಮ್ಮ, ಇದೊಂದು ಚೀಲ ಹರಿಹರದ ತನಕ ಹಿಡ್ಕಬೇಕು. ಇಳಿದ ಮ್ಯಾಲೆ ಕೊಡ್ಬೇಕು. ಅಷ್ಟೇ."

ಆಶಾರಾಣಿ ಬಾಗಿಲು ಮುಚ್ಚಿ ನಿಂತಿದ್ದ ಬಸ್ಸಿನ ಬೋರ್ಡು ನೋಡಿದಳು, ಚೀಲ ನೋಡಿದಳು. ತನ್ನ ಊಟದ ಡಬ್ಬಿಯನ್ನೂ ಅದೇ ಚೀಲಕ್ಕೆ ತುರುಕಿದಳು. "ಈಗ ಒಂದೇ ಕೈಚೀಲ ಆತಲ್ಲ? ತಾ."

ಕಾಲೇಜಿನ ಆಮ್ನಾ ತಾನೂ ಹಿಡಿದು ಗೆಳತಿಯರಿಗೂ ಹಿಡಿಸಿದಳು. ಎಲ್ಲರೂ ಹಾಗಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತ ವಿಜಯಕುಮಾರ್, ದಿನಾ ಇಸ್ತ್ರಿ ಅಂಗಿಯ ಮನುಷ್ಯ, ಎರಡು ಹೆಜ್ಜೆ ಹಿಂದೆ ಸರಿದ. "ಇವೆಲ್ಲ ನನಗ್ಯಾಕಮ್ಮ? ನಾಳೆ ಯಾರಾದ್ರೂ ಕೇಳಿದ್ರೆ?" ಇನ್ನಿಬ್ಬರು ಫೋನಿನಲ್ಲಿ ಮಾತಾಡುವವರಂತೆ ತಿರುಗಿ ನಿಂತರು. ಅವರ ಫೋನು ಹೊತ್ತಿಕೊಂಡಿರಲೇ ಇಲ್ಲ. ಆದರೂ ಬಸ್ಸಿನ ಬಾಗಿಲು ತೆರೆಯುವ ಹೊತ್ತಿಗೆ ಮೂಟೆ ಬರಿದಾಗಿತ್ತು, ಒಂದೇ ಒಂದು ಚೀಲ ಉಳಿದಿತ್ತು. ಅದು ಅವಳದು. ಖಾಲಿ ಗೋಣಿಯನ್ನು ಮಡಿಸಿ ಶಾಲಿನಂತೆ ಹೆಗಲಿಗೆ ಹಾಕಿಕೊಂಡಳು.

ಜನ ಹತ್ತಿದರು. ಚೌಡೇಶ ಬಾಗಿಲಲ್ಲಿ ನಿಂತು ಎಲ್ಲರ ಕೈಯ ಚೀಲ ನೋಡಿದ. ಮೇಲಿನ ಕ್ಯಾಮೆರಾಗೆ ಬೆನ್ನು ತಿರುಗಿಸಿ ಮೀಸೆಯೊಳಗೇ ನಕ್ಕ.

ಕ್ಯಾಮೆರಾ ಮಾತ್ರ ನಗಲಿಲ್ಲ. ಬಸ್ಸು ಇನ್ನೇನು ಹೊರಡಬೇಕು, ಬಿಳಿ ಕಾರು ಅಡ್ಡ ಬಂದು ನಿಂತಿತು. ಬಸವಕಿರಣ ಕಾಲಿಗೆ ಚಪ್ಪಲಿ ಮೆಟ್ಟಿ, ಮನೆಯ ಬಟ್ಟೆಯಲ್ಲೇ ಬಂದಿದ್ದ. ಹತ್ತಿ ನೋಡಿದರೆ ಸೀಟಿನ ಉದ್ದಕ್ಕೂ ತೊಡೆಯ ಮೇಲೆ ಮದುವೆ ಚೀಲಗಳು. ಒಳಗೆಲ್ಲ ಬಿಸಿ ಮಂಡಕ್ಕಿಯ ವಾಸನೆ.

"ಏನಿದು ಚೌಡೇಶ? ಗಾಡಿ ಬಿಡಬ್ಯಾಡ. ಎಲ್ಲರ ಚೀಲ ತೆಗೆಸು."

"ಯಾಕ್ರಿ ತೆಗೆಸ್ತೀರಿ?" ಆಶಾರಾಣಿ ಕೂತಲ್ಲಿಂದಲೇ ಕೇಳಿದಳು. "ನನ್ನ ಊಟದ ಡಬ್ಬಿ ಐತೆ ಒಳಗೆ."

"ನನ್ನವು ಪುಸ್ತಕ" ಎಂದಳು ಆಮ್ನಾ, ಬಾಯಿಯಲ್ಲಿದ್ದುದನ್ನು ನುಂಗಿ.

"ಚೀಲದಾಗ ಏನೈತೆ ಅಂತ ಕೇಳಲ್ಲ ಅಂದಿದ್ರಿ" ಎಂದಳು ಊರಮ್ಮ. "ಮಾತಿಗೆ ನಿಲ್ತೀನಿ ಅಂದಿದ್ರಿ."

ಹಿಂದಿನಿಂದ ಯಾರೋ ಒಬ್ಬರು, "ಸಾವುಕಾರ್ರೆ, ಈ ಚೀಲನಾದ್ರೂ ಬಿಡ್ರಿ, ನಿಮ್ಮದೇ ಐತೆ" ಎಂದು ತಮ್ಮ ಚೀಲ ಎತ್ತಿ ತೋರಿಸಿದರು. ಕೆಂಪು ಅಕ್ಷರದಲ್ಲಿ 'ಬಸವಕಿರಣ್ – ಅಂಕಿತಾ, ಶುಭವಿವಾಹ' ಎಂದಿತ್ತು. ಹೋದ ವರ್ಷದ ಮದುವೆಯಲ್ಲಿ ಎರಡು ಸಾವಿರ ಚೀಲ ಹಂಚಿದ್ದ ಅವನು. ಬಸ್ಸು ಪೂರ್ತಿ ನಕ್ಕಿತು. ಬಸವಕಿರಣನ ಕಿವಿ ಕೆಂಪಾದವು. ಆದರೆ ಅವನು ವ್ಯಾಪಾರಸ್ಥನ ಮಗ; ಸಿಟ್ಟನ್ನು ನುಂಗಿ, ಊರಮ್ಮನ ಹತ್ತಿರ ಬಂದು ಬಗ್ಗಿ, ಮೆತ್ತಗೆ ಹೇಳಿದ.

"ಆತಮ್ಮ, ನೀನೇ ಗೆದ್ದೆ. ನಾಳೆಯಿಂದ ನಿನ್ನ ಮೂಟೆಗೆ ಹಿಂದಿನ ಸೀಟು. ಟಿಕೆಟ್ಟೂ ಬ್ಯಾಡ. ನಿನಗೊಬ್ಬಾಕಿಗೆ. ಬೋರ್ಡು ಇರ್ತೈತೆ, ಚೌಡೇಶ ನಿನ್ನ ಕೇಳಲ್ಲ. ಈ ಚೀಲದ ನಾಟಕ ಇವತ್ತಿಗೇ ಮುಗಿಸ್ಬಿಡು."

ಊರಮ್ಮನಿಗೆ ಬೇಕಾದದ್ದು ಅದೇ. ಎರಡು ದಿನದಿಂದ ಅವಳು ಕೇಳುತ್ತಿದ್ದುದು ಅದನ್ನೇ. ಹೂಂ ಅಂದರೆ ಮಾಲತೇಶನ ಅಂಗಡಿ ಉಳಿಯಿತು, ಒಲೆ ಉಳಿಯಿತು. ಮನೆ ಮನೆ ತಿರುಗಿ ಮೊಣಕಾಲು ಹಿಡಿದುಕೊಂಡಿದ್ದವು. ನಾಳೆ ಮತ್ತೆ ನಲವತ್ತು ಜನರ ಮುಂದೆ ಕೈ ಚಾಚುವುದು ತಪ್ಪುತ್ತಿತ್ತು. ಬಾಯಿ ತೆರೆದಳು. ಆಗ ಕಿಟಕಿಯ ನೀಲಿ ಪರದೆಯ ಸಂದಿನಲ್ಲಿ ಮರುಳಸಿದ್ದಮ್ಮ ಕಂಡಳು. ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ ಆಟೊದವನ ಜೊತೆ ಚೌಕಾಸಿ ಮಾಡುತ್ತಿದ್ದಳು. ಪಕ್ಕದಲ್ಲಿ ರೇವತಿ ಪೊರಕೆಯ ಕಟ್ಟಿನ ಮೇಲೆ ಕೂತು ಬಸ್ಸಿನ ಕಡೆ ನೋಡುತ್ತಿದ್ದಳು. ಅವಳ ನೋಟದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಊರಮ್ಮ ಹೋದಳಲ್ಲ, ಹೋಗಲಿ ಎನ್ನುವಂತಿತ್ತು. ಅದನ್ನೇ ಊರಮ್ಮನಿಗೆ ತಡೆಯಲಾಗಲಿಲ್ಲ.

"ಒಲ್ಲೆ" ಎಂದಳು.

ಮೆತ್ತಗೆ ಹೇಳಬೇಕಾದ ಮಾತು ಅದು. ಅವಳು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು.

"ನನಗೊಬ್ಬಾಕಿಗೆ ಅಂದ್ರೆ ಒಲ್ಲೆ ಸಾವುಕಾರ್ರೆ. ಹೊರಗೆ ಮೊಸರಿನಾಕಿ ನಿಂತಾಳೆ, ಪೊರಕೆಯಾಕಿ ನಿಂತಾಳೆ. ಅವರನ್ನ ಬಿಟ್ಟು ನನ್ನ ಮೂಟೆ ಹತ್ತಿಸಿದ್ರೆ ಇದು ನಿಮ್ಮ ಕಾರೂ ಅಲ್ಲ, ನನ್ನ ಕಾರು ಆತು. ಬೋರ್ಡು ತೆಗೀರಿ. ಎಲ್ಲರಿಗೂ ತೆಗೀರಿ. ಅಲ್ಲೀತನಕ ನಾನು ದಿನಾ ಚೀಲ ಹಂಚ್ತೀನಿ. ನೀವು ದಿನಾ ಕಾರು ಅಡ್ಡ ಹಾಕ್ರಿ."

ಬಸವಕಿರಣ ನೆಟ್ಟಗೆ ನಿಂತ. "ಹಂಗಾದ್ರೆ ನೋಡೋಣ. ಜನ ಒಂದು ದಿನ ಆಟಕ್ಕೆ ಹಿಡೀತಾರೆ. ನಾಳೆ ಒಬ್ರೂ ಇರಲ್ಲ."

"ನೋಡೋಣ್ರಿ."

ಅಷ್ಟರಲ್ಲಿ ವಿಜಯಕುಮಾರ್ ಎದ್ದು ಗಡಿಯಾರ ತೋರಿಸಿದ. ಏಳೂ ಐವತ್ತೆಂಟು. "ಸ್ವಾಮಿ, ನಿಮ್ಮ ನಿಮ್ಮ ಜಗಳಕ್ಕೆ ನನ್ನ ಹಾಜರಿ ಹೋಗ್ತೈತೆ. ಕಾರು ತೆಗೀರಿ. ಮಂಡಕ್ಕಿ ಏನು ಬಾಂಬಾ?" ಬಸವಕಿರಣ ಇಳಿದು ಕಾರು ಹಿಂದಕ್ಕೆ ತೆಗೆದ.

ಹರಿಹರದಲ್ಲಿ ಊರಮ್ಮ ಎಲ್ಲರಿಗಿಂತ ಮೊದಲು ಇಳಿದು ಗೋಣಿಯ ಬಾಯಿ ಅಗಲಿಸಿ ನಿಂತಳು. ನಡುದಾರಿಯಲ್ಲಿ ಬಾತಿಯಲ್ಲಿ ಇಳಿದ ಇಬ್ಬರು ತಮ್ಮ ಚೀಲವನ್ನು ಪಕ್ಕದವರ ತೊಡೆಗೆ ಕೊಟ್ಟು ಹೋಗಿದ್ದರು. ಒಬ್ಬೊಬ್ಬರೇ ಇಳಿದು ಸುರಿದು, ಚೀಲ ಕೊಟ್ಟು ನಡೆದರು. ಕಾಲೇಜಿನ ಹುಡುಗಿಯರ ಚೀಲಗಳು ಅರ್ಧಕ್ಕೆ ಇಳಿದಿದ್ದವು. ಮೂರು ಚೀಲ ಬರಲೇ ಇಲ್ಲ. ಬಂದಷ್ಟಕ್ಕೆ ಗೋಣಿ ಎದೆಮಟ್ಟ ತುಂಬಿ ನಿಂತಿತು. ಅವಳು ಅದರ ಬಾಯಿ ಕಟ್ಟಿ ತಲೆಗೆ ಹೊತ್ತಳು.

ಮಾಲತೇಶನ ಬಾಣಲೆಯಲ್ಲಿ ಎಣ್ಣೆ ಆಗತಾನೇ ಕಾದಿತ್ತು. "ಮೂಟೆ ಬಡಕಲಾಗೈತಲ್ಲ?" ಎಂದ.

"ದಾರ್ಯಾಗ ನಲವತ್ತು ಮಂದಿ ಹೊತ್ತಾರ. ಕೂಲಿ ತಗಳಲ್ವಾ?"

ಮರುದಿನ ಊರಮ್ಮ ಉಳಿದ ಮೂವತ್ತೇಳು ಚೀಲ ತಂದಳು, ಜೊತೆಗೆ ಮರುಳಸಿದ್ದಮ್ಮನನ್ನೂ ರೇವತಿಯನ್ನೂ ಕರೆದುಕೊಂಡು ಬಂದಳು. ಮೊಸರು ಹತ್ತು ಸ್ಟೀಲಿನ ಡಬ್ಬಿಗಳಲ್ಲಿತ್ತು. ಪೊರಕೆಯ ಕಟ್ಟು ಬಿಚ್ಚಿತ್ತು. ಬಸವಕಿರಣ ಹೇಳಿದ್ದು ಅರ್ಧ ನಿಜವಾಯಿತು: ನಿನ್ನೆಯ ಹತ್ತು ಹನ್ನೆರಡು ಜನ ಇವತ್ತು ಬೇರೆ ಕಡೆ ನೋಡಿದರು. ಆದರೆ ನಿನ್ನೆ ಬೇರೆ ಕಡೆ ನೋಡಿದವರಲ್ಲಿ ಕೆಲವರು ಇವತ್ತು ತಾವಾಗಿ ಕೈ ಚಾಚಿದರು. ವಿಜಯಕುಮಾರ್ ಇಸ್ತ್ರಿ ಅಂಗಿಯಲ್ಲಿ, ಕೈಯಲ್ಲಿ ಒಂದು ತೆಂಗಿನ ಪೊರಕೆ ಹಿಡಿದು, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತ.

"ಇದು ಚೀಲ ಅಲ್ಲವಲ್ಲ ಸಾರ್" ಎಂದ ಚೌಡೇಶ.

"ಕಟ್ಟೂ ಅಲ್ಲ. ಒಂದೇ ಐತೆ. ಬೋರ್ಡು ಓದು."

ಸೇತುವೆಯ ಹತ್ತಿರ ಬ್ರೇಕು ಹಾಕಿದಾಗ ಒಂದು ಡಬ್ಬಿ ಜಾರಿ ಮೊಸರು ಚೆಲ್ಲಿತು, ಅದೂ ವಿಜಯಕುಮಾರನ ತೋಳಿಗೇ. ಅವನು ಮರುಳಸಿದ್ದಮ್ಮನನ್ನು ಬಿಟ್ಟು ಡ್ರೈವರನನ್ನು ಬೈದ. ಆ ದಿನ ಬಿಳಿ ಕಾರು ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಆದರೆ ಕೈಯಲ್ಲಿ ಪೊರಕೆ ಹಿಡಿದು ಕೂತ ಇಡೀ ಬಸ್ಸಿನ ಫೋಟೊವನ್ನು ಆಮ್ನಾಳ ಗೆಳತಿಯರು ಯಾರಿಗೋ ಕಳಿಸಿ, ಅವರು ಇನ್ಯಾರಿಗೋ ಕಳಿಸಿ, ದಾವಣಗೆರೆಯ ಅರ್ಧ ಫೋನುಗಳಲ್ಲಿ ಅದು ತಿರುಗಿತು. ನಂದಿಧ್ವಜ ಅನ್ನುವ ಹೆಸರು ಗಾಜಿನ ಮೇಲೆ ಚೆನ್ನಾಗಿ ಓದಲು ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಬೋರ್ಡು ಇರಲಿಲ್ಲ. ಬಾಗಿಲ ಪಕ್ಕ ನಾಲ್ಕು ತೂತು ಮಾತ್ರ ಇದ್ದವು. ಚೌಡೇಶ ಹಿಂದಿನ ಬಾಗಿಲು ತೆಗೆದು, ಟಿಕೆಟ್ ಯಂತ್ರ ಒತ್ತುತ್ತ, "ಮೂಟೆಗೆ ಅರ್ಧ, ಕೊಡಕ್ಕೆ ಅರ್ಧ, ಕಟ್ಟಿಗೆ ಅರ್ಧ. ಸಾವುಕಾರ್ರು ಹೇಳ್ಯಾರ" ಎಂದ.

"ಹರಿ" ಎಂದಳು ಊರಮ್ಮ. "ಟಿಕೆಟ್ ಇಲ್ದೆ ನಾನ್ಯಾವತ್ತು ಬಂದೀನಿ?"

ಮೊದಲು ಮರುಳಸಿದ್ದಮ್ಮನ ಕೊಡ ಹತ್ತಿಸಿ ಸೀಟಿನ ಕಾಲಿಗೆ ಕಟ್ಟಿಸಿದಳು. ಆಮೇಲೆ ರೇವತಿಯ ಪೊರಕೆ. ಆಮೇಲೆ ತನ್ನ ಮೂಟೆ. ಹಿಂದಿನ ಸೀಟು ಅಷ್ಟಕ್ಕೇ ಭರ್ತಿಯಾಯಿತು. ಆಶಾರಾಣಿ ಬಂದು ಮೂಟೆಗೆ ಒರಗಿ ಕೂತವಳೇ ಕಣ್ಣು ಮುಚ್ಚಿದಳು. ಊರಮ್ಮನಿಗೆ ಕೂರಲು ಜಾಗ ಉಳಿಯಲಿಲ್ಲ. ಮೇಲಿನ ಕಂಬಿ ಹಿಡಿದು ಹರಿಹರದವರೆಗೂ ನಿಂತೇ ಹೋದಳು. ಮೊಣಕಾಲು ನೋಯುತ್ತಿದ್ದವು. ಬಾತಿಯಲ್ಲಿ ಬಸ್ಸು ನಿಂತಿತು. ಒಬ್ಬ ಮುದುಕ ಕೋಳಿಯ ಪಂಜರ ಹಿಡಿದು ಹತ್ತಿದ. ಚೌಡೇಶ ಅವನ ಮುಖ ನೋಡಿದ, ಕೋಳಿಯ ಮುಖ ನೋಡಿದ, ಊರಮ್ಮನ ಮುಖ ನೋಡಿದ.

"ಅದಕ್ಕೂ ಅರ್ಧ ಹರಿ" ಎಂದಳು ಅವಳು.